150 ಮಿ.ಮೀ. ಎಫ್/8 ಕನ್ನಡಿಯ ಅಂಚು ಇಳಿದಿದೆ: ಸೆಖೆಗೆ ಪಿಚ್ ಮೆತ್ತಗಾದರೆ ಏನು ಮಾಡುವುದು?

ಮಣಿಪಾಲ_6ಇಂಚು:

ಎಲ್ಲರಿಗೂ ನಮಸ್ಕಾರ. ದೂರದರ್ಶಕಕ್ಕೆಂದು ಕೈಯಲ್ಲೇ ಉಜ್ಜುತ್ತಿರುವುದು 150 ಮಿ.ಮೀ. ವ್ಯಾಸ, 25 ಮಿ.ಮೀ. ದಪ್ಪದ ಸಾದಾ ಪ್ಲೇಟ್ ಗ್ಲಾಸಿನ ಕನ್ನಡಿ. ವಕ್ರತಾ ತ್ರಿಜ್ಯ 2400 ಮಿ.ಮೀ., ಅಂದರೆ ಸಂಗಮದೂರ 1200 ಮಿ.ಮೀ., ವ್ಯಾಸದ ಎಂಟು ಪಟ್ಟು (ಎಫ್/8). ಸಿಲಿಕಾನ್ ಕಾರ್ಬೈಡ್ 80ರಿಂದ 400ರವರೆಗೆ, ಮತ್ತೆ ಅಲ್ಯುಮಿನಿಯಂ ಆಕ್ಸೈಡ್ 12 ಮತ್ತು 5 ಮೈಕ್ರಾನ್ ಮುಗಿಸಿ, ಸೀರಿಯಂ ಆಕ್ಸೈಡಿನಲ್ಲಿ 9 ಗಂಟೆ ಪಾಲಿಶ್ ಆಗಿದೆ. ನಡುಭಾಗದಲ್ಲಿ ಲೂಪ್ ಹಿಡಿದು ನೋಡಿದರೂ ಗುಂಡಿ ಕಾಣುವುದಿಲ್ಲ.

ತೊಂದರೆ ಅಂಚಿನದ್ದು. ಫೂಕೋ ಪರೀಕ್ಷೆಯಲ್ಲಿ (ಕನ್ನಡಿಯಿಂದ ಮರಳುವ ಬೆಳಕು ಕೂಡುವಲ್ಲಿ ಬ್ಲೇಡ್ ಅಡ್ಡ ತಂದು ಮೈಯ ಏರುತಗ್ಗು ನೋಡುವುದು) ಬ್ಲೇಡನ್ನು ಎಡದಿಂದ ತಂದಾಗ ಬಲ ಅಂಚಿನಲ್ಲಿ ದಪ್ಪ ಬೆಳಕಿನ ಗೆರೆ, ಎಡ ಅಂಚಿನಲ್ಲಿ ಏನೂ ಇಲ್ಲ. ಬ್ಲೇಡಿನ ಬದಲು ಸಣ್ಣ ಗೆರೆಗಳ ಜಾಲರಿ ಹಿಡಿದಾಗ ಕಾಣುವ ರೋಂಕಿ ಗೆರೆಗಳ ತುದಿಯೂ ಕೊಕ್ಕೆಯ ಹಾಗೆ ಬಾಗುತ್ತದೆ. ಇಳಿದ ಭಾಗ ಸುಮಾರು 6 ಮಿ.ಮೀ. ಅಗಲ ಇರಬಹುದು.

ಪಾಲಿಶ್ ತಟ್ಟೆಗೆ (ಲ್ಯಾಪ್) ಹೊಯ್ಯುವ ರಾಳ, ಅಂದರೆ ಪಿಚ್, ರೋಸಿನ್ ಮತ್ತು ಟರ್ಪೆಂಟೈನ್ ಸೇರಿಸಿ ಮಾಡಿದ್ದು. ಕೆಲಸದ ಹೊತ್ತು ಮಧ್ಯಾಹ್ನ 2ರಿಂದ 5, ಕೋಣೆಯ ಉಷ್ಣತೆ 32 ಡಿಗ್ರಿ. ಕನ್ನಡಿ ಮೇಲೆ, ಲ್ಯಾಪ್ ಕೆಳಗೆ, ಹೊಡೆತದ ಉದ್ದ ವ್ಯಾಸದ ಅರ್ಧ. ಇಪ್ಪತ್ತು ನಿಮಿಷದಲ್ಲಿ ಲ್ಯಾಪಿನ ಚೌಕಗಳ ನಡುವಿನ ಚಾನೆಲ್‌ಗಳು ಮುಚ್ಚಿಹೋಗುತ್ತವೆ. ಪಾಲಿಶ್ ನಿಲ್ಲಿಸಿ ತೊಳೆದು ಅರ್ಧ ಗಂಟೆಯ ಮೇಲೆ ಅಳತೆ ತೆಗೆಯುವುದು.

ಕೇಳಬೇಕಾದ್ದು ಮೂರು. ಈ ಸೆಖೆಗೆ ತಕ್ಕ ಪಿಚ್ ಹೇಗೆ ಮಾಡುವುದು? ಅಂಚನ್ನು ಸರಿ ಮಾಡಲು 5 ಮೈಕ್ರಾನ್‌ಗೆ ಹಿಂದೆ ಹೋಗಬೇಕಾ? ಪತ್ತನಾಜೆಯ (ಮೇ ಕೊನೆಯ ವಾರ) ಒಳಗೆ ಅಲ್ಯುಮಿನಿಯಂ ಲೇಪನ ಮಾಡಿಸಿ, ಮಳೆಗಾಲದಲ್ಲಿ ದೂರದರ್ಶಕ ಕೂರಿಸುವ ಪೆಟ್ಟಿಗೆಯ ಕೆಲಸ ಮುಗಿಸುವ ಅಂದಾಜು ಉಂಟು. ಅದು ಸರಿಯಾ?


ರಾಳ_ಗಾಜು:

ಮೊದಲು ಅಳತೆಯನ್ನೇ ಸಂಶಯಿಸಿ. ಪ್ಲೇಟ್ ಗ್ಲಾಸ್ ಬಿಸಿಗೆ ಹಿಗ್ಗುವುದು ಬೋರೋಸಿಲಿಕೇಟಿಗಿಂತ ತುಂಬಾ ಹೆಚ್ಚು. ಪಾಲಿಶ್ ಮಾಡುವಾಗ ತಿಕ್ಕಾಟಕ್ಕೆ, ಕೈಯ ಶಾಖಕ್ಕೆ ಕನ್ನಡಿ ಬಿಸಿಯಾಗಿರುತ್ತದೆ. ತಣಿಯುವಾಗ ಅಂಚು ಮೊದಲು ತಣಿದು ಕುಗ್ಗುತ್ತದೆ, ನಡುಭಾಗ ಇನ್ನೂ ಹಿಗ್ಗಿಯೇ ಇರುತ್ತದೆ. ಆಗ ಬ್ಲೇಡ್ ತಂದರೆ ಇಳಿಯದ ಅಂಚೂ ಇಳಿದಂತೆ ಕಾಣುತ್ತದೆ. 25 ಮಿ.ಮೀ. ದಪ್ಪಕ್ಕೆ ಅರ್ಧ ಗಂಟೆ ಏನೂ ಸಾಲದು. ಕನಿಷ್ಠ ಎರಡು ಗಂಟೆ ಬಿಡಿ. ರಾತ್ರಿ ಸ್ಟ್ಯಾಂಡಿನ ಮೇಲೆ ಇಟ್ಟು ಬೆಳಗ್ಗೆ ಯಾರೂ ಫ್ಯಾನ್ ಹಾಕುವ ಮೊದಲು ನೋಡಿದರೆ ಇನ್ನೂ ಒಳ್ಳೆಯದು.

ಕನ್ನಡಿ ತೊಳೆಯುವ ನೀರು ಎಲ್ಲಿಯದು? ತಾರಸಿಯ ಟ್ಯಾಂಕಿನ ನೀರು ಮಧ್ಯಾಹ್ನ ಕೈ ಸುಡುವಷ್ಟು ಬಿಸಿ, ಬಾವಿಯಿಂದ ಆಗಷ್ಟೇ ಸೇದಿದ ನೀರು ತಣ್ಣಗೆ. ಎರಡೂ ಬೇಡ. ಹಿಂದಿನ ರಾತ್ರಿಯೇ ಎರಡು ಬಕೆಟ್ ನೀರು ಅದೇ ಕೋಣೆಯಲ್ಲಿ ತುಂಬಿಸಿಡಿ. ಸೀರಿಯಂ ಕಲಸಲಿಕ್ಕೂ ತೊಳೆಯಲಿಕ್ಕೂ ಅದೇ ನೀರು.

ಇನ್ನು ಪಿಚ್. ಇಪ್ಪತ್ತು ನಿಮಿಷದಲ್ಲಿ ಚಾನೆಲ್ ಮುಚ್ಚುತ್ತದೆ ಎಂದರೆ ಅದು ಮೆತ್ತಗೆ ಅನ್ನುವುದರಲ್ಲಿ ಸಂಶಯವೇ ಇಲ್ಲ. ಮೆತ್ತನೆಯ ಪಿಚ್ ಕನ್ನಡಿಯ ಭಾರಕ್ಕೆ ನಡುವೆ ಕುಸಿದು ಅಂಚಿನಲ್ಲಿ ಉಬ್ಬುತ್ತದೆ. ಹೊಡೆತದಲ್ಲಿ ಕನ್ನಡಿ ಆಚೆ ಹೋಗಿ ಈಚೆ ಬರುವಾಗ ಆ ಉಬ್ಬು ಕನ್ನಡಿಯ ಅಂಚಿಗೆ ತಾಗಿ ಅಲ್ಲಿ ಹೆಚ್ಚು ಸವೆಸುತ್ತದೆ. ಹೊಡೆತ ಉದ್ದವಾದಷ್ಟೂ ಹಾನಿ ಹೆಚ್ಚು. ವ್ಯಾಸದ ಅರ್ಧ ಅಂದರೆ ಅತಿ ಆಯಿತು. ಮೂರನೇ ಒಂದಕ್ಕೆ ಇಳಿಸಿ, ಅಂದರೆ ಈ ಕನ್ನಡಿಗೆ ಒಟ್ಟು 50 ಮಿ.ಮೀ. ಓಡಾಟ. ಅಂಚು ಸರಿಯಾಗುವವರೆಗೆ ಕಾಲು ವ್ಯಾಸ ಸಾಕು.

ಟರ್ಪೆಂಟೈನ್ ಬಿಟ್ಟುಬಿಡಿ. ಕಾಯಿಸುವಾಗ ಅದು ಹಾರಿಹೋಗುವುದರಿಂದ ಇವತ್ತಿನ ಪಿಚ್ಚಿಗೂ ನಾಳೆ ಮತ್ತೆ ಕರಗಿಸಿದ ಪಿಚ್ಚಿಗೂ ಹೋಲಿಕೆ ಇರುವುದಿಲ್ಲ. ಹರಳೆಣ್ಣೆ ಹಾರುವುದಿಲ್ಲ. 150 ಮಿ.ಮೀ. ಲ್ಯಾಪ್ 6 ಮಿ.ಮೀ. ದಪ್ಪಕ್ಕೆ ಹಿಡಿಯುವುದು ಸುಮಾರು 106 ಘನ ಸೆಂ.ಮೀ. ಚೆಲ್ಲುವುದು, ಅಂಟಿಕೊಳ್ಳುವುದು, ಪರೀಕ್ಷೆಗೆ ತೆಗೆಯುವುದು ಎಲ್ಲ ಸೇರಿ 300 ಗ್ರಾಂ ರೋಸಿನ್ ತೆಗೆದುಕೊಳ್ಳಿ. ಬೆಸುಗೆ ಕೆಲಸಕ್ಕೆ ಮಾರುವ ಪೈನ್ ಮರದ ರೋಸಿನ್ನೇ ಆಗಬೇಕು. ಧೂಪಕ್ಕೆ ಮಾರುವ ರಾಳ ಬೇರೆ ಮರದ್ದು, ಅದು ಕರಗುವ ರೀತಿಯೂ ಬೇರೆ. ಪಾತ್ರೆಯೊಳಗೆ ಪಾತ್ರೆ ಇಟ್ಟು, ವಿದ್ಯುತ್ ಒಲೆಯಲ್ಲಿ ನಿಧಾನ ಕರಗಿಸಿ. ಗ್ಯಾಸಿನ ಬೆಂಕಿ ಬೇಡವೇ ಬೇಡ, ಹೊಗೆಗೆ ಬೆಂಕಿ ಹತ್ತುತ್ತದೆ. ಮೊದಲು ಎರಡು ಟೀ ಚಮಚ ಹರಳೆಣ್ಣೆ, ಅಂಟು ಕಡಿಮೆಯಾಗಲು ಅಡಿಕೆ ಗಾತ್ರದ ಜೇನುಮೇಣ. ಕದಡಿ, ಒಂದು ಚೂರು ತೆಗೆದು ಪರೀಕ್ಷಿಸಿ, ಸಾಲದಿದ್ದರೆ ಅರ್ಧರ್ಧ ಚಮಚ ಏರಿಸಿ. ಹೆಚ್ಚಾದರೆ ಮತ್ತೆ ರೋಸಿನ್ ಸೇರಿಸಬೇಕಾಗುತ್ತದೆ, ಆದ್ದರಿಂದ ಏರಿಸುವಾಗ ಕೈ ಹಿಡಿತ ಇರಲಿ. ಕೊನೆಗೆ ಹಳೆಯ ನೈಲಾನ್ ಬಟ್ಟೆಯಲ್ಲಿ ಸೋಸಿ. ಒಂದು ಕಸದ ಕಣ ಉಳಿದರೂ ಕನ್ನಡಿಗೆ ಗೀರು.

ಲ್ಯಾಪ್ ಹೊಯ್ದ ಮೇಲೆ 25 ಮಿ.ಮೀ. ಚೌಕಗಳು, 5 ಮಿ.ಮೀ. ಚಾನೆಲ್. ಲ್ಯಾಪಿನ ನಡುಬಿಂದು ಒಂದು ಚೌಕದ ನಡುವಿಗೂ ಬರಬಾರದು, ಚಾನೆಲ್‌ಗಳು ಕೂಡುವ ಜಾಗಕ್ಕೂ ಬರಬಾರದು. ಬಂದರೆ ಕನ್ನಡಿಯಲ್ಲಿ ಉಂಗುರಗಳು ಏಳುತ್ತವೆ. ಸುತ್ತ 2-3 ಮಿ.ಮೀ. ಕತ್ತರಿಸಿ ಲ್ಯಾಪನ್ನು ಕನ್ನಡಿಗಿಂತ ಕಿರಿದು ಮಾಡಿ. ಪ್ರತಿ ಸಲ ಶುರು ಮಾಡುವ ಮೊದಲು ಸೀರಿಯಂ ನೀರು ಸವರಿ, ಕನ್ನಡಿ ಕವುಚಿ, 3 ಕೆ.ಜಿ. ಭಾರ ಇಟ್ಟು 15-20 ನಿಮಿಷ ಒತ್ತಲು ಬಿಡಿ. ಇದನ್ನು ಬಿಟ್ಟು ನೇರ ಪಾಲಿಶಿಗೆ ಇಳಿಯುವುದೂ ಅಂಚು ಹಾಳಾಗುವುದಕ್ಕೆ ದೊಡ್ಡ ಕಾರಣವೇ.

ಕೆಲಸದ ಹೊತ್ತನ್ನು ಬೆಳಗ್ಗೆ 6ರಿಂದ 9ಕ್ಕೆ ಬದಲಿಸಿ. ನಾಲ್ಕೈದು ಡಿಗ್ರಿ ವ್ಯತ್ಯಾಸಕ್ಕೆ ಪಿಚ್ಚಿನ ಗುಣವೇ ಬೇರೆಯಾಗುತ್ತದೆ. ನಮ್ಮ ಕರಾವಳಿಯ ತೇವಾಂಶದಿಂದ ಒಂದು ಉಪಕಾರ ಉಂಟು: ಲ್ಯಾಪ್ ಬೇಗ ಒಣಗುವುದಿಲ್ಲ, ಒಮ್ಮೆ ಸವರಿದ ಸೀರಿಯಂ ಬಯಲುಸೀಮೆಗಿಂತ ಜಾಸ್ತಿ ಹೊತ್ತು ಕೆಲಸ ಮಾಡುತ್ತದೆ. ಒಣಗುವ ಮುಂಚಿನ ಆ ಬಿಗಿ ಎಳೆತದಲ್ಲೇ ಪಾಲಿಶ್ ಚೆನ್ನಾಗಿ ಆಗುವುದು. ಮತ್ತೆ ಮತ್ತೆ ನೀರು ಹೊಯ್ಯಬೇಡಿ.


ಕುಡ್ಲ_ಡಾಬ್:

ಮೇಲಿನದ್ದೆಲ್ಲ ಒಪ್ಪುವಂಥದ್ದೇ. ‘ಒಂದು ಚೂರು ತೆಗೆದು ಪರೀಕ್ಷಿಸಿ’ ಅನ್ನುವಲ್ಲಿ ಮಾತ್ರ ಸ್ವಲ್ಪ ಸೇರಿಸಬೇಕು. ಹೆಬ್ಬೆರಳಿನ ಉಗುರು ಒತ್ತಿ ನೋಡುವುದು ಹಳೆಯ ಕ್ರಮ. ಮಾಡಿದವರಿಗೆ ಅದು ಸಾಕು, ಇನ್ನೊಬ್ಬರಿಗೆ ಹೇಳಿಕೊಡಲು ಆಗುವುದಿಲ್ಲ. ಉಡುಪಿಯ ಉಗುರಿಗೂ ಮಂಗಳೂರಿನ ಉಗುರಿಗೂ ತಾಳೆ ಹಾಕುವುದು ಹೇಗೆ ಮಾರಾಯ್ರೆ?

ಅದಕ್ಕೆ ಹೀಗೆ ಮಾಡಿ. ಎರಡೂವರೆ ಇಂಚಿನ ಮೊಳೆಯ ಮೊನೆಯನ್ನು ಅರದಿಂದ ಉಜ್ಜಿ 2 ಮಿ.ಮೀ. ವ್ಯಾಸದ ಚಪ್ಪಟೆ ತುದಿ ಮಾಡಿ. ಒಂದು ಮರದ ತುಂಡಿಗೆ ಅದು ಸಡಿಲವಾಗಿ ಜಾರುವಷ್ಟು ತೂತು ಕೊರೆದರೆ ಮೊಳೆ ನೆಟ್ಟಗೆ ನಿಲ್ಲುತ್ತದೆ. ಪಿಚ್ಚನ್ನು ಬಾಟ್ಲಿ ಮುಚ್ಚಳದಲ್ಲಿ 10 ಮಿ.ಮೀ. ಆಳಕ್ಕೆ ಹೊಯ್ದು, ಲ್ಯಾಪ್ ಕೆಲಸ ನಡೆಯುವ ಕೋಣೆಯ ಬಕೆಟ್ ನೀರಿನಲ್ಲಿ ಒಂದು ಗಂಟೆ ಮುಳುಗಿಸಿಡಿ. ಥರ್ಮಾಮೀಟರ್ ಓದಿ ಬರೆದುಕೊಳ್ಳಿ. ಮೊಳೆಯ ತಲೆಯ ಮೇಲೆ 1 ಕೆ.ಜಿ. ತೂಕ, ಸರಿಯಾಗಿ 60 ಸೆಕೆಂಡು. ಎಷ್ಟು ಇಳಿಯಿತು ಎಂದು ವರ್ನಿಯರ್‌ನಲ್ಲಿ ನೋಡಿ. ಅಂಕಿ ಜೊತೆಗೆ ಉಷ್ಣತೆ, ಎಣ್ಣೆಯ ಪ್ರಮಾಣ, ಚಾನೆಲ್ ಎಷ್ಟು ಹೊತ್ತು ತೆರೆದಿತ್ತು ಎಂಬುದು, ಈ ನಾಲ್ಕನ್ನೂ ಇಲ್ಲಿ ಹಾಕಿ. ಹಾಳಾದ ಪಿಚ್ಚಿನ ಅಂಕಿಯನ್ನೂ ಹಾಕಿ, ಮುಂದೆ ಮಾಡುವವರಿಗೆ ಹೆಚ್ಚು ಉಪಯೋಗಕ್ಕೆ ಬರುವುದು ಅದೇ.

ಅಂಚಿನ ವಿಷಯದಲ್ಲಿ: ತಣಿದ ಮೇಲೂ 6 ಮಿ.ಮೀ. ಅಗಲ ಉಳಿದರೆ, ಹೊಸ ಪಿಚ್ಚಿನಲ್ಲಿ ಮೂರ್ನಾಲ್ಕು ಗಂಟೆ ನೋಡಿ. ಆಗಲೂ ಜಗ್ಗದಿದ್ದರೆ 5 ಮೈಕ್ರಾನ್‌ಗೆ ಹಿಂದೆ ಹೋಗುವುದೇ ಲೇಸು. 2 ಮಿ.ಮೀ. ಉಳಿದರೆ ಹೋಗಬೇಡಿ. ಒಂದು ಕಪ್ಪು ಉಂಗುರ ಹಾಕಿ ಮರೆ ಮಾಡಿ. 150ರ ಬದಲು 146 ಮಿ.ಮೀ. ಆಗುತ್ತದೆ, ಹೋಗುವ ಬೆಳಕು ನೂರಕ್ಕೆ ಐದು. ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಇಳಿದ ಅಂಚಿನಿಂದ ಬರುವ ಮಂಜು ಬೆಳಕು ಮಾತ್ರ ಗುರುವಿನ ಪಟ್ಟಿಗಳನ್ನು ಅಳಿಸಿಬಿಡುತ್ತದೆ.

ಗೋಳಾಕಾರವನ್ನು ಪ್ಯಾರಾಬೊಲಾಕ್ಕೆ (ನಕ್ಷತ್ರದ ಬೆಳಕನ್ನು ಒಂದೇ ಬಿಂದುವಿಗೆ ತರುವ ಆಕಾರ) ತಿದ್ದುವ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಈ ಅಳತೆ ಗಡಿಯ ಮೇಲೇ ನಿಂತಿದೆ. ಸೆಂಟಿಮೀಟರಿನಲ್ಲಿ ಸಂಗಮದೂರದ ಘನವು ವ್ಯಾಸದ ನಾಲ್ಕನೇ ಘಾತದ 34.9 ಪಟ್ಟಿಗಿಂತ ಹೆಚ್ಚಿದ್ದರೆ ಗೋಳಾಕಾರವೇ ಕಾಲು ತರಂಗಾಂತರದೊಳಗೆ ಬರುತ್ತದೆ ಎಂಬುದು ಲೆಕ್ಕ. 15 ಸೆಂ.ಮೀ.ಗೆ ಬೇಕಾದ್ದು 121 ಸೆಂ.ಮೀ., ನಿಮ್ಮದು 120. ಅಂದರೆ ಅಂಚು ಚೆನ್ನಾಗಿರುವ ನುಣುಪಾದ ಗೋಳ ಸಿಕ್ಕಿದರೆ ಅರ್ಧ ಗೆದ್ದ ಹಾಗೆ. ಸ್ವಲ್ಪ ಪ್ಯಾರಾಬೊಲಾದ ಕಡೆಗೆ ತಂದರೆ ಸಾಕಷ್ಟು ಒಳ್ಳೆಯ ಕನ್ನಡಿ. ದೀಪ ಮತ್ತು ಬ್ಲೇಡ್ ಒಂದೇ ಗಾಡಿಯ ಮೇಲೆ ಒಟ್ಟಿಗೆ ಸರಿಯುವ ಪರೀಕ್ಷಕವಾದರೆ ಪೂರ್ತಿ ಪ್ಯಾರಾಬೊಲಾಕ್ಕೆ ನಡುವಿಗೆ ಹೋಲಿಸಿ ಗಾಡಿ ಸರಿಯಬೇಕಾದ ದೂರ ಇಷ್ಟು: ನಡುವಿನಿಂದ 22 ಮಿ.ಮೀ. ವಲಯಕ್ಕೆ 0.10, 45ಕ್ಕೆ 0.42, 59ಕ್ಕೆ 0.73, 70ಕ್ಕೆ 1.02 ಮಿ.ಮೀ. ದೀಪ ಕದಲದೆ ಬ್ಲೇಡ್ ಮಾತ್ರ ಸರಿಯುವುದಾದರೆ ಎಲ್ಲವನ್ನೂ ಎರಡರಿಂದ ಗುಣಿಸಿ. ಈ ಗೊಂದಲದಲ್ಲಿ ಎರಡು ಪಟ್ಟು ತಿದ್ದಿ ಕೆಟ್ಟ ಕನ್ನಡಿಗಳು ಬೇಕಾದಷ್ಟಿವೆ.


ಮಣಿಪಾಲ_6ಇಂಚು:

ಇಬ್ಬರಿಗೂ ತುಂಬಾ ಧನ್ಯವಾದ. ರಾತ್ರಿಯಿಡೀ ಬಿಟ್ಟು ಬೆಳಗ್ಗೆ 5.30ಕ್ಕೆ ಅಳೆದಾಗ ಇಳಿದ ಭಾಗ 6ರಿಂದ 3 ಮಿ.ಮೀ.ಗೆ ಬಂತು. ಅರ್ಧದಷ್ಟು ಬರೀ ಶಾಖದ ಆಟ. ಹಳೆಯ ಪಿಚ್ಚಿನ ಮೊಳೆ ಅಂಕಿ: 32 ಡಿಗ್ರಿಯಲ್ಲಿ 3.6 ಮಿ.ಮೀ., ಚಾನೆಲ್ ಮುಚ್ಚಿದ್ದು 20 ನಿಮಿಷಕ್ಕೆ. ಹೊಸತು ಮಾಡಿ ಹಾಕುತ್ತೇನೆ.

ಎರಡು ಸಂಶಯ. ಲೇಪನಕ್ಕೆ ಮೊದಲು ಕನ್ನಡಿಯನ್ನು ನಕ್ಷತ್ರದ ಮೇಲೆ ಪರೀಕ್ಷಿಸಲು ಆಗುತ್ತದಾ? ಪೆಟ್ಟಿಗೆಗೆ ಯಾವ ಪ್ಲೈವುಡ್? ಕೊಳವೆ 200 ಮಿ.ಮೀ. ಪಿವಿಸಿ ಪೈಪು.


ತೆಂಕಣ_ಚಿಕ್ಕೆ:

ಆಗುತ್ತದೆ, ಮಾಡಲೇಬೇಕು. ಲೇಪನವಿಲ್ಲದ ಗಾಜು ನೂರಕ್ಕೆ ನಾಲ್ಕರಷ್ಟು ಬೆಳಕನ್ನು ಹಿಂದಿರುಗಿಸುತ್ತದೆ. ನಕ್ಷತ್ರ ಸುಮಾರು ಮೂರೂವರೆ ಕಾಂತಿಮಾನ ಮಬ್ಬಾದ ಹಾಗೆ. ಲುಬ್ಧಕ, ಚಿತ್ರಾದಂಥ ಬೆಳಗುವ ನಕ್ಷತ್ರಗಳಿಗೆ ಏನೂ ಅಡ್ಡಿಯಿಲ್ಲ. ತಪ್ಪು ಕಂಡರೆ ಲ್ಯಾಪಿಗೆ ವಾಪಸ್ ಹೋಗಬಹುದು. ಲೇಪನ ಆದ ಮೇಲೆ ಕಂಡರೆ ಆ ಖರ್ಚು ಹೋಯಿತು.

ಪುಸ್ತಕಗಳಲ್ಲಿ ‘ಧ್ರುವ ನಕ್ಷತ್ರದ ಮೇಲೆ ಪರೀಕ್ಷಿಸಿ, ಅದು ಕದಲುವುದಿಲ್ಲ’ ಎಂದಿರುತ್ತದೆ. ಅದು ಉತ್ತರ ದೇಶದವರಿಗೆ. ಉಡುಪಿಯಲ್ಲಿ ಧ್ರುವ ದಿಗಂತದಿಂದ ಬರೀ 13 ಡಿಗ್ರಿ ಮೇಲೆ. ಅಷ್ಟು ಕೆಳಗಿನ ಗಾಳಿಯಲ್ಲಿ ಯಾವ ಉಂಗುರವೂ ನಿಲ್ಲುವುದಿಲ್ಲ, ಒಳ್ಳೆಯ ಕನ್ನಡಿಯೂ ಕೆಟ್ಟದಾಗಿ ಕಾಣುತ್ತದೆ. ಈಗಿನ ರಾತ್ರಿಗಳಿಗೆ ಚಿತ್ರಾ ಒಳ್ಳೆಯದು, ದಕ್ಷಿಣಕ್ಕೆ 65 ಡಿಗ್ರಿಯಷ್ಟು ಎತ್ತರ ಬರುತ್ತದೆ. ಮಘಾ ಹೆಚ್ಚುಕಡಿಮೆ ನೆತ್ತಿಯ ಮೇಲೇ ಹೋಗುವುದರಿಂದ ಡಾಬ್ಸನ್ ಪೆಟ್ಟಿಗೆಯಲ್ಲಿ (ಮೇಲೆ-ಕೆಳಗೆ, ಅಕ್ಕಪಕ್ಕ ಮಾತ್ರ ತಿರುಗುವ ಮರದ ಪೆಟ್ಟಿಗೆ) ಅದನ್ನು ಹಿಂಬಾಲಿಸುವುದು ಕಷ್ಟ. 6 ಮಿ.ಮೀ. ಐಪೀಸ್ ಹಾಕಿದರೆ 200 ಪಟ್ಟು. 50 ಡಿಗ್ರಿ ನೋಟದ ಐಪೀಸಿನಲ್ಲಿ ನಕ್ಷತ್ರ ಒಂದು ತುದಿಯಿಂದ ಇನ್ನೊಂದಕ್ಕೆ ಹೋಗಲು ಒಂದು ನಿಮಿಷ. ಫೋಕಸಿನ ಒಳಗೆ, ಹೊರಗೆ ಎರಡೂ ಕಡೆ ಉಂಗುರಗಳನ್ನು ಹೋಲಿಸಲು ಅಷ್ಟು ಸಾಕು.

ಹಗಲಲ್ಲಿ ಮಾಡುವ ದಾರಿಯೂ ಇದೆ. 10 ಮಿ.ಮೀ. ವ್ಯಾಸದ ಸ್ಟೀಲ್ ಬೇರಿಂಗ್ ಗುಂಡನ್ನು ಕಪ್ಪು ಬಟ್ಟೆಯ ಮೇಲೆ ಅಂಟಿಸಿ 50 ಮೀಟರ್ ದೂರದಲ್ಲಿ ಬಿಸಿಲಿಗೆ ಇಡಿ. ಅದರಲ್ಲಿ ಮೂಡುವ ಸೂರ್ಯನ ಬಿಂಬ 0.02 ಮಿ.ಮೀ. ಆಸುಪಾಸು, ಈ ದೂರದರ್ಶಕಕ್ಕೆ ಅದು ನಕ್ಷತ್ರವೇ. ಸೂರ್ಯ ನಿಮ್ಮ ಬೆನ್ನ ಹಿಂದೆ ಇರಬೇಕು. ಕೊಳವೆ ಯಾವ ಕಾರಣಕ್ಕೂ ಸೂರ್ಯನ ಕಡೆ ತಿರುಗಬಾರದು. 50 ಮೀಟರಿಗೆ ಫೋಕಸ್ 30 ಮಿ.ಮೀ. ಹೊರಗೆ ಬರುತ್ತದೆ, ಫೋಕಸರಿಗೆ ಅಷ್ಟು ಓಟ ಇಲ್ಲದಿದ್ದರೆ ಒಂದು ನಳಿಗೆ ಮಾಡಿಕೊಳ್ಳಿ. ಬೆಳಗ್ಗೆ ಬೇಗ, ನೆಲ ಕಾಯುವ ಮೊದಲು, ಹುಲ್ಲಿನ ಮೇಲೆ. ಅಂಗಳದ ಇಂಟರ್‌ಲಾಕ್ ಮೇಲೆ ಮಾಡಿದರೆ ಬರೀ ಬಿಸಿಗಾಳಿ ಕಾಣುವುದು.

ಲೇಪನದ ಆತುರ ಬೇಡ ಎನ್ನುವುದು ಖಂಡಿತದ ಮಾತು. ಪತ್ತನಾಜೆಗೆ ಲೇಪನ ಮಾಡಿಸಿದರೆ ಹೊಸ ಅಲ್ಯುಮಿನಿಯಂ ನಾಲ್ಕು ತಿಂಗಳು ಏನೂ ನೋಡದೆ ಉಪ್ಪು ತೇವದಲ್ಲಿ ಕೂರುತ್ತದೆ. ನವರಾತ್ರಿ ಕಳೆದ ಮೇಲೆ ಕಳಿಸಿ, ಸಿಲಿಕಾನ್ ಮಾನಾಕ್ಸೈಡ್ ರಕ್ಷಾಪದರವನ್ನು ಕೇಳಿ ಹಾಕಿಸಿ. ಅಲ್ಲಿಯವರೆಗೆ ಬರಿಯ ಗಾಜನ್ನು ಪೇಪರಿನಲ್ಲಿ ಸುತ್ತಬೇಡಿ. ಒದ್ದೆ ಕಾಗದ ತಿಂಗಳುಗಟ್ಟಲೆ ತಾಗಿದರೆ ಪಾಲಿಶ್ ಮೇಲೆ ಕಲೆ ಕೂರುತ್ತದೆ. ಗಾಳಿ ಹೋಗದ ಡಬ್ಬಿಯಲ್ಲಿ, ಮುಖಕ್ಕೆ ಏನೂ ತಾಗದ ಹಾಗೆ, 200 ಗ್ರಾಂ ಸಿಲಿಕಾ ಜೆಲ್ ಜೊತೆ. ಬಣ್ಣ ಬದಲಾದರೆ 120 ಡಿಗ್ರಿಯಲ್ಲಿ ಒಲೆಗೆ ಹಾಕಿ ಒಣಗಿಸಿ. ಐಪೀಸುಗಳೂ ಅದೇ ಡಬ್ಬಿಗೆ. ಅಗ್ಗದ ತೇವಮಾಪಕ 40-50 ತೋರಿಸಿದರೆ ಫಂಗಸ್ ಹತ್ತಿರ ಬರುವುದಿಲ್ಲ.

ನೋಡಿ ಮುಗಿದ ಮೇಲೆ ಇಬ್ಬನಿ ಕೂತ ಕನ್ನಡಿಗೆ ಮುಚ್ಚಳ ಹಾಕುವುದೇ ಲೇಪನಕ್ಕೆ ದೊಡ್ಡ ಶತ್ರು. ಒಳಗೆ ತಂದು ಫ್ಯಾನಿನ ಕೆಳಗೆ ಕೊಳವೆ ಮಲಗಿಸಿ, ಪೂರ್ತಿ ಒಣಗಿದ ಮೇಲೆ ಮುಚ್ಚಿ. ಕೆಳಗಿನ ಕನ್ನಡಿಗೆ ಕೊಳವೆಯೇ ರಕ್ಷಣೆ, ಮೊದಲು ಮಂಜಾಗುವುದು ಮೇಲಿನ ಓರೆ ಕನ್ನಡಿ. ಅದರ ಬೆನ್ನಿಗೆ 1 ಕಿಲೋ ಓಮ್‌ನ ಕಾಲು ವ್ಯಾಟ್ ರೆಸಿಸ್ಟರ್ ಆರನ್ನು ಪ್ಯಾರಲಲ್ ಆಗಿ ಜೋಡಿಸಿ 12 ವೋಲ್ಟ್ ಕೊಡಿ. ಒಟ್ಟು 0.86 ವ್ಯಾಟ್, 72 ಮಿಲಿಆಂಪ್. ಯುಪಿಎಸ್‌ನ 7 ಆಂಪ್-ಅವರ್ ಬ್ಯಾಟರಿಗೆ ಇದು ಏನೂ ಅಲ್ಲ. ಇದಕ್ಕಿಂತ ಹೆಚ್ಚು ಬಿಸಿ ಮಾಡಿದರೆ ಬಿಂಬ ಕದಡುತ್ತದೆ.


ಮಲ್ಪೆ_ಮರಗೆಲಸ:

ಪ್ಲೈವುಡ್ ಐಎಸ್ 710 ಗುರುತು ಇರುವ ಮೆರೈನ್ ಆಗಬೇಕು. ಐಎಸ್ 303ರಲ್ಲಿ ಎಂಆರ್ (ತೇವ ತಡೆಯುವ) ದರ್ಜೆಯದ್ದು ಎರಡು ಮಳೆಗಾಲಕ್ಕೆ ಪದರ ಬಿಡುತ್ತದೆ. 18 ಮಿ.ಮೀ. ಬೇಡ, ಈ ಗಾತ್ರಕ್ಕೆ 12 ಸಾಕು, ಹೊರುವಾಗ ಸೊಂಟಕ್ಕೆ ಗೊತ್ತಾಗುತ್ತದೆ. ಅಡಿಹಲಗೆ ಮಾತ್ರ 18. ನೀರು ನುಗ್ಗುವುದು ಕತ್ತರಿಸಿದ ಅಂಚುಗಳಿಂದ. ಅಲ್ಲಿಗೆ ತೆಳು ಎಪಾಕ್ಸಿ ಎರಡು ಕೈ, ಮತ್ತೆ ಪಿಯು (ಪಾಲಿಯುರೆಥೇನ್) ವಾರ್ನಿಷ್. ಸ್ಕ್ರೂ ತೂತುಗಳ ಒಳಗೂ ಎಪಾಕ್ಸಿ ಬಿಡಿ, ಇದನ್ನು ಯಾರೂ ಮಾಡುವುದಿಲ್ಲ. ಸ್ಕ್ರೂ, ಸ್ಪ್ರಿಂಗ್ ಎಲ್ಲ ಸ್ಟೇನ್‌ಲೆಸ್ 304, ಸಮುದ್ರದ ಬದಿಯ ಮನೆಯಾದರೆ 316. ದೋಣಿ ಕೆಲಸದವರಿಗೆ ಮಾರುವ ಅಂಗಡಿಗಳಲ್ಲಿ ಬಿಡಿಯಾಗಿ ಸಿಗುತ್ತದೆ.

ತಿರುಗಲು ಟೆಫ್ಲಾನ್ ಮತ್ತು ಒರಟು ಮೈಯ ಸನ್‌ಮೈಕಾ. ನುಣುಪಿನದ್ದು ತಂದರೆ ಅಂಟಿಕೊಂಡು ಎಗರುತ್ತದೆ. ಟೆಫ್ಲಾನ್ ಮೇಲೆ ಚದರ ಸೆಂ.ಮೀ.ಗೆ 1 ಕೆ.ಜಿ. ಭಾರ ಬೀಳಬೇಕು. ತಿರುಗುವ ಒಟ್ಟು ಭಾರ 12 ಕೆ.ಜಿ. ಎಂದಿಟ್ಟರೆ ಕೆಳಗಿನ ಮೂರು ತುಂಡಿಗೆ ತಲಾ 4 ಕೆ.ಜಿ., ಅಂದರೆ 20 × 20 ಮಿ.ಮೀ. ತುಂಡು. ಮೂರೂ ಕಾಲುಗಳ ನೇರ ಮೇಲೇ ಬರಲಿ, ಇಲ್ಲದಿದ್ದರೆ ಹಲಗೆ ಬಾಗುತ್ತದೆ. ಬದಿಯ ನಾಲ್ಕು ತುಂಡು 15 × 16 ಸಾಕು, 70 ಡಿಗ್ರಿ ಅಂತರದಲ್ಲಿ. ದೊಡ್ಡ ತುಂಡು ಹಾಕಿದರೆ ಒಳ್ಳೆಯದು ಅಂದುಕೊಂಡು 50 ಮಿ.ಮೀ. ಹಾಕುತ್ತಾರೆ, ಆಗ ಬೇಕಾದ ಒತ್ತಡ ಬೀಳುವುದಿಲ್ಲ. ಟೆಫ್ಲಾನಿಗೆ ಗೋಂದು ಹಿಡಿಯುವುದಿಲ್ಲ, ತಲೆ ಹುದುಗುವ ಹಾಗೆ ಸ್ಕ್ರೂ ಹಾಕಿ. ಬದಿಯ ಬೇರಿಂಗಿಗೆ 110 ಮಿ.ಮೀ. ಪಿವಿಸಿ ಎಂಡ್ ಕ್ಯಾಪ್ ಎರಡು.

ಈ ಇಡೀ ವಿನ್ಯಾಸ ಜಾನ್ ಡಾಬ್ಸನ್ ಅವರದ್ದು. ಸ್ಯಾನ್ ಫ್ರಾನ್ಸಿಸ್ಕೋದ ವೇದಾಂತ ಸೊಸೈಟಿಯಲ್ಲಿ, ಅಂದರೆ ನಮ್ಮ ಮಂಗಳಾದೇವಿಯ ರಾಮಕೃಷ್ಣ ಮಠದ ಪರಂಪರೆಯಲ್ಲೇ, 23 ವರ್ಷ ಸನ್ಯಾಸಿಯಾಗಿದ್ದವರು. ಪೇಟೆಂಟ್ ಮಾಡಿಸದೆ ರಸ್ತೆಬದಿಯಲ್ಲಿ ನಿಂತು ಎಲ್ಲರಿಗೂ ಹೇಳಿಕೊಟ್ಟರು. ನಮ್ಮ ಕೈಗೆ ಈ ಪೆಟ್ಟಿಗೆ ಬಂದದ್ದು ಹಾಗೆ.

ಮುಂದಿನ ಹಲಗೆಯನ್ನು ಕೊಳವೆ 10 ಡಿಗ್ರಿವರೆಗೆ ಬಾಗುವ ಹಾಗೆ ತಗ್ಗಿಸಿ ಕತ್ತರಿಸಿ. ವಿದೇಶಿ ನಕಾಶೆಗಳಲ್ಲಿ ಇದಕ್ಕೆ ಗಮನ ಕೊಟ್ಟಿರುವುದಿಲ್ಲ. ನಮಗೆ ಒಮೆಗಾ ಸೆಂಟಾರಿ ನಕ್ಷತ್ರಗುಚ್ಛ 29 ಡಿಗ್ರಿಗೆ ಬರುತ್ತದೆ, ತೆಂಕಣ ಶಿಲುಬೆ ಬರೀ 16-17ಕ್ಕೆ. ಹಲಗೆ ಅಡ್ಡ ಬಂದರೆ ಕರಾವಳಿಯಲ್ಲಿ ಇದ್ದು ಪ್ರಯೋಜನ ಇಲ್ಲ.

ಕೊಳವೆಯ ಒಳಗೆ ಕಪ್ಪು ವೆಲ್ವೆಟ್ ಬೇಡ, ಬೂಸ್ಟು ಹಿಡಿಯುತ್ತದೆ. ಮ್ಯಾಟ್ ಕಪ್ಪು ಬಣ್ಣದ ಮೇಲೆ ಸಣ್ಣ ಜರಡಿಯಲ್ಲಿ ಹಿಡಿದ ಹೊಯ್ಗೆ (ಮರಳು) ಉದುರಿಸಿ, ಒಣಗಿದ ಮೇಲೆ ಕೊಡವಿ ಇನ್ನೊಂದು ಕೈ ಬಣ್ಣ. ಹೊಳೆಯ ಹೊಯ್ಗೆ ತೊಳೆದು ಒಣಗಿಸಿದ್ದು ಆಗಬೇಕು. ಕಡಲ ಹೊಯ್ಗೆಯಾದರೆ ಉಪ್ಪನ್ನು ಕನ್ನಡಿಯ ಪಕ್ಕದಲ್ಲೇ ಇಟ್ಟ ಹಾಗೆ.

ಕನ್ನಡಿಯನ್ನು ತೊಟ್ಟಿಲಿಗೆ (ಅದು ಕೂರುವ ಆಧಾರಕ್ಕೆ) ಅಂಟಿಸುವುದಾದರೆ ವಿನೆಗರ್ ವಾಸನೆಯ ಸಿಲಿಕೋನ್ ತರಬೇಡಿ, ಆ ಆವಿ ಅಲ್ಯುಮಿನಿಯಂ ತಿನ್ನುತ್ತದೆ. ನ್ಯೂಟ್ರಲ್ ಎಂದು ಬರೆದದ್ದು ಕೇಳಿ. ಮೂರು ಬೊಟ್ಟು, ತಲಾ 15 ಮಿ.ಮೀ. ಅಗಲ, 3 ಮಿ.ಮೀ. ದಪ್ಪ. ತೆಳುವಾದರೆ ಒಣಗುವಾಗ ಕನ್ನಡಿಯನ್ನೇ ಎಳೆದು ನಕ್ಷತ್ರವನ್ನು ತ್ರಿಕೋನ ಮಾಡುತ್ತದೆ.


ರಾಳ_ಗಾಜು:

12 ಮಿ.ಮೀ. ಪ್ಲೈ ಬಗ್ಗೆ ಒಪ್ಪಿಗೆ ಇಲ್ಲ. ಬದಿಯ ಹಲಗೆಗಳಿಗೆ ಮುಂದುಗಡೆ ಅಡ್ಡಪಟ್ಟಿ ಕೊಡದೆ 12 ಹಾಕಿದರೆ 200 ಪಟ್ಟಿನಲ್ಲಿ ಫೋಕಸ್ ಮುಟ್ಟಿದಾಗಲೆಲ್ಲ ಅಲುಗುತ್ತದೆ. ಮುಂದಿನ ಹಲಗೆಯನ್ನು ತಗ್ಗಿಸುವವರು ಮೂಲೆಗಳಿಗೆ ತ್ರಿಕೋನದ ಆಸರೆ ಕೊಡಲೇಬೇಕು.


ಮಲ್ಪೆ_ಮರಗೆಲಸ:

ಸರಿ, ಆ ಆಸರೆ ಬೇಕು. ಎರಡೂ ಮೂಲೆಗೆ 100 ಮಿ.ಮೀ. ತ್ರಿಕೋನ, ಅಂಟು ಮತ್ತು ಸ್ಕ್ರೂ ಎರಡೂ.


ಮಣಿಪಾಲ_6ಇಂಚು:

ಹೊಸ ಪಿಚ್: ರೋಸಿನ್ 300 ಗ್ರಾಂ, ಹರಳೆಣ್ಣೆ 3 ಟೀ ಚಮಚ, ಜೇನುಮೇಣ ಸುಮಾರು 8 ಗ್ರಾಂ. ಮೊಳೆ ಅಂಕಿ 28 ಡಿಗ್ರಿಯಲ್ಲಿ 0.9 ಮಿ.ಮೀ., ಅದೇ ಮುಚ್ಚಳ 32 ಡಿಗ್ರಿಯಲ್ಲಿ 2.1. ಬೆಳಗ್ಗೆ 6ರಿಂದ 8.30, ಹೊಡೆತ 40 ಮಿ.ಮೀ. ಎರಡೂವರೆ ಗಂಟೆಯೂ ಚಾನೆಲ್ ತೆರೆದೇ ಇತ್ತು. ಎರಡು ದಿನದ ಕೆಲಸದ ನಂತರ, ರಾತ್ರಿ ತಣಿಸಿ ಅಳೆದಾಗ ಇಳಿದ ಅಂಚು ಒಂದೂವರೆ ಮಿ.ಮೀ. ಎಡ ಅಂಚಿನಲ್ಲೂ ತೆಳು ಬೆಳಕಿನ ಗೆರೆ ಈಗ ಕಾಣುತ್ತಿದೆ. 28 ಡಿಗ್ರಿಗೆ 1 ಚಮಚ ಕಡಿಮೆ ಎಣ್ಣೆ ಹಾಕಿದ ಇನ್ನೊಂದು ಮುಚ್ಚಳದಲ್ಲಿ ಮೊಳೆ ಒತ್ತಿದಾಗ ಪಿಚ್ ಒಡೆಯಿತು, ಅಂಕಿ ಸಿಗಲಿಲ್ಲ. ಅಷ್ಟು ಗಟ್ಟಿ ಬೇಡ.